ಉಸ್ತಾದನ ದಾರಿಗೆ ನೀರು ಬಿಡುವ ಕುಬೇರಪ್ಪ

ಗಿಲ್‌ರಾಯ್ ಊರು ಇನ್ನೂ ಮಂಜಿನೊಳಗೇ ಇದೆ. ಬೆಳ್ಳುಳ್ಳಿ ಹೊಲಗಳ ಆಚೆ, ಫ್ರೀವೇಯ ಸದ್ದು ಸಣ್ಣಗೆ ಕೇಳುವಷ್ಟು ದೂರದಲ್ಲಿ, ನೀರಿನ ಟ್ಯಾಂಕರೊಂದು ಮಣ್ಣಿನ ಮೇಲೆ ಮೆಲ್ಲಗೆ ಸುತ್ತು ಹಾಕುತ್ತಿದೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಬಾಗಿಲು ತೆರೆದು, ಅರವತ್ತು ದಾಟಿದ, ಅಗಲ ಭುಜದ, ಕುಳ್ಳನೆಯ ಮನುಷ್ಯರೊಬ್ಬರು ಇಳಿಯುತ್ತಾರೆ. ಬೂಟಿನ ಹಿಮ್ಮಡಿಯನ್ನು ಮಣ್ಣಿಗೆ ಒತ್ತಿ, ಒಂದು ಸಲ ತಿರುವಿ, ಮೂಡಿದ ಗುರುತನ್ನು ಬಗ್ಗಿ ನೋಡುತ್ತಾರೆ. ಚಿಟಿಕೆ ಮಣ್ಣು ತೆಗೆದು ಬೆರಳುಗಳ ನಡುವೆ ಉಜ್ಜಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಆಮೇಲೆ ಮುಖ ಸಿಂಡರಿಸುತ್ತಾರೆ.

"ಇನ್ನೂ ನಿದ್ದಿಗಣ್ಣಾಗ ಐತ್ರಿ," ಎನ್ನುತ್ತಾರೆ. ಅವರು ಹೇಳುತ್ತಿರುವುದು ಮಣ್ಣಿನ ವಿಷಯ.

ಇವರೇ ಕುಬೇರಪ್ಪ. ಹುಟ್ಟೂರು ಜಮಖಂಡಿ. 'ಪಚೇಕೊ ಬೌಲ್' ಎಂಬ ಈ ಕಾರ್ ರೇಸ್ ಮೈದಾನದ ಮಣ್ಣನ್ನು ಎರಡು ದಶಕಗಳಿಂದ ಹದ ಮಾಡುತ್ತಾ ಬಂದವರು. ಇವತ್ತು ಶನಿವಾರ. ಸಂಜೆ ಇಲ್ಲಿ ವಿಕ್ ಫುರ್ಟಾಡೊ ನೆನಪಿನ ರೇಸ್ ಇದೆ. ಮೂರು ವರ್ಷಗಳಿಂದ ಸತ್ತುಹೋಗಿರುವ ಒಂದು ದಾರಿಯನ್ನು, ಗೋಡೆಯ ಮಗ್ಗುಲಿನ ವಿಕ್‌ನ ದಾರಿಯನ್ನು, ಸಂಜೆಯೊಳಗೆ ಮತ್ತೆ ಜೀವಂತ ಮಾಡಬೇಕು. ಕುಬೇರಪ್ಪ ಈ ಕೆಲಸ ತಾವಾಗಿಯೇ ಕೇಳಿ ಪಡೆದದ್ದು. ಸಿಕ್ಕಿರುವುದು ಒಂದೇ ಒಂದು ಅವಕಾಶ.

ಪಚೇಕೊ ಬೌಲ್ ದೊಡ್ಡ ಹೆಸರಿನ ಜಾಗವೇನಲ್ಲ. ಕಾಲು ಮೈಲಿ ಉದ್ದದ, ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು. ಸುತ್ತ ಕಾಂಕ್ರೀಟ್ ಗೋಡೆ. ಒಂದು ಪಕ್ಕ ಮರದ ಹಲಗೆಗಳ ಗ್ಯಾಲರಿ. ವಸಂತದಿಂದ ಮಳೆ ಶುರುವಾಗುವವರೆಗೆ ಶನಿವಾರ ಸಂಜೆ ಸ್ಟಾಕ್ ಕಾರ್ ರೇಸು. ಟೀವಿಯಲ್ಲಿ ತೋರಿಸುವ ಥಳುಕಿನ ಕಾರುಗಳಲ್ಲ ಇವು. ಹಳೇ ಕಾರಿನ ಸೀಟು, ಗಾಜು ಎಲ್ಲ ಕಿತ್ತುಹಾಕಿ, ಒಳಗೆ ಕಬ್ಬಿಣದ ಪೈಪಿನ ಪಂಜರ ಕಟ್ಟಿ, ಊರಿನ ಪ್ಲಂಬರು, ಮೆಕ್ಯಾನಿಕ್ಕು, ಸ್ಕೂಲ್ ಬಸ್ಸಿನ ಡ್ರೈವರುಗಳೇ ಓಡಿಸುವ ಕಾರುಗಳು. ಎಲ್ಲರೂ ಎಡಕ್ಕೇ ತಿರುಗುತ್ತಾರೆ, ಮತ್ತೆ ಮತ್ತೆ ಎಡಕ್ಕೇ ತಿರುಗುತ್ತಾರೆ. ಮಿಲ್ಪಿಟಾಸಿನ ಹೋಟೆಲಿನಲ್ಲಿ ಮಸಾಲೆ ದೋಸೆ ಮುಂದಿಟ್ಟುಕೊಂಡು ಕೂತ ನಮ್ಮವರಿಗೆ ಇಂಥದೊಂದು ಲೋಕ ಒಂದು ತಾಸಿನ ದಾರಿಯಲ್ಲಿದೆ ಎಂಬುದೇ ಗೊತ್ತಿಲ್ಲ. ತಿಳಿದುಕೊಳ್ಳುವ ಅವಸರವೂ ಅವರಿಗಿಲ್ಲ ಬಿಡಿ.

ಆ ಲೋಕಕ್ಕೆ ವಿಕ್ ಫುರ್ಟಾಡೊ ಎಂದರೆ ದೊರೆ. ವಾರವೆಲ್ಲ ಹಾಲಿನ ಟ್ಯಾಂಕರ್ ಓಡಿಸಿ, ಶನಿವಾರ ನಲವತ್ತೊಂದನೇ ನಂಬರಿನ ಕಾರು ಹತ್ತುತ್ತಿದ್ದ ಮನುಷ್ಯ. ಅಜ್ಜ ಪೋರ್ಚುಗಲ್ಲಿನ ದ್ವೀಪವೊಂದರಿಂದ ದನ ಕಾಯಲು ಬಂದವನು. "ಫುರ್ಟಾಡೊ ಅಂದಕೂಡ್ಲೆ ನಾ ಗೋವಾದಾಂವ ಇರಬೇಕು ಅಂತ ತಿಳಕೊಂಡಿದ್ದೆ. ಕಾರವಾರದ ಕಡೆ ಯಾರರ ಬೀಗರು ಅದಾರೇನು ಅಂತ ಕೇಳಿಬಿಟ್ಟಿದ್ದೆ," ಎಂದು ಕುಬೇರಪ್ಪ ನಗುತ್ತಾರೆ. ವಿಕ್ ದೊಡ್ಡ ರೇಸುಗಳಿಗೆ ಹೋಗಲಿಲ್ಲ. ಕರೆ ಬಂದಿತ್ತಂತೆ. ಹಸುಗಳು ಭಾನುವಾರ ರಜೆ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಕಳಿಸಿದನಂತೆ. ಆದರೆ ಇಲ್ಲಿ, ಈ ಕಾಲು ಮೈಲಿಯಲ್ಲಿ, ನಾಲ್ಕು ದಶಕ ಅವನನ್ನು ಮೀರಿಸಿದವರಿಲ್ಲ.

ಅವನು ಗೆಲ್ಲುತ್ತಿದ್ದ ಬಗೆಯೇ ಬೇರೆ. ಮಣ್ಣಿನ ಟ್ರ್ಯಾಕಿನಲ್ಲಿ ಓಡುವುದಕ್ಕೆ ಎರಡು ದಾರಿ. ಒಳಗಿನದು ಹತ್ತಿರದ ದಾರಿ; ತಿರುವಿನಲ್ಲಿ ವೇಗ ತಗ್ಗಿಸಿ, ಜಾರದಂತೆ ನೋಡಿಕೊಂಡು ಸಾಗಬೇಕು. ಹೊರಗಿನದು ಗೋಡೆಗೆ ತಾಗಿಕೊಂಡ ದಾರಿ; ಟ್ರ್ಯಾಕು ಗೋಡೆಯ ಕಡೆಗೆ ಏರಿರುವುದರಿಂದ ಇದಕ್ಕೆ ಮೇಲಿನ ದಾರಿ ಎಂದೂ ಹೇಳುತ್ತಾರೆ. ಸುತ್ತು ಉದ್ದ, ಆದರೆ ಅಲ್ಲಿ ಮಣ್ಣು ಹಸಿ ಇದ್ದರೆ ಟೈರಿಗೆ ಹಿಡಿತ ಸಿಗುತ್ತದೆ, ಆಕ್ಸಿಲರೇಟರಿನಿಂದ ಕಾಲೆತ್ತದೆ ತಿರುವು ದಾಟಬಹುದು. ಧೈರ್ಯ ಇರಬೇಕು, ಅಷ್ಟೆ. ವಿಕ್ ಸದಾ ಅಲ್ಲೇ. ಬಲಮಗ್ಗುಲು ಗೋಡೆಗೆ ಉಜ್ಜಿ ಉಜ್ಜಿ ಅವನ ಕಾರಿನ ಆ ಪಕ್ಕ ಬರೀ ತಗಡಾಗಿತ್ತು. ಆ ಕಡೆಗೆ ಬಣ್ಣ ಬಳಿಸುವ ಗೋಜಿಗೇ ಅವನು ಹೋಗುತ್ತಿರಲಿಲ್ಲ. ಆ ದಾರಿಗೆ ಜನ ಅವನ ಹೆಸರನ್ನೇ ಇಟ್ಟರು.

ಇಂಥವನಿಗೂ ಜಮಖಂಡಿಯ ಕುಬೇರಪ್ಪನವರಿಗೂ ಎಲ್ಲಿಂದೆಲ್ಲಿಯ ನಂಟು?

ಕುಬೇರಪ್ಪನವರ ತಂದೆ ಗರಡಿಮನೆಯ ಉಸ್ತಾದರು. ಅಣ್ಣಂದಿರು ಇಬ್ಬರೂ ಪೈಲ್ವಾನರು. ಇವರಿಗೆ ಹುಡುಗಾಟದಲ್ಲಿ ಮೊಣಕಾಲು ತಿರುಚಿ, ಕುಸ್ತಿ ಕೈತಪ್ಪಿತು. "ಅಪ್ಪ ಸಲಿಕಿ ಕೈಗೆ ಕೊಟ್ಟ. ಕುಸ್ತಿ ಆಡಾಕ ಬರದಿದ್ರ ಕಣಾ ಕಾಯಿ ಅಂದ," ಎನ್ನುತ್ತಾರೆ. ನಸುಕಿನಲ್ಲಿ ಎದ್ದು ಕುಸ್ತಿ ಕಣದ ಕೆಂಪು ಮಣ್ಣನ್ನು ಅಗೆದು, ಹೆಂಟೆ ಒಡೆದು, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ, ಬಿದ್ದವನ ಬೆನ್ನಿಗೆ ಹಾಸಿಗೆಯಂತಾಗುವವರೆಗೆ ಹದ ಮಾಡುವುದು ಅವರ ಪಾಲಿನ ಕೆಲಸ. ಕುಸ್ತಿ ಗೆದ್ದವನಿಗೆ ಬೆಳ್ಳಿ ಕಡಗ. ಮಣ್ಣು ಅಗೆದವನಿಗೆ ಬೆನ್ನುನೋವು. ಅದಕ್ಕೆ ಅವರು ಎಂದೂ ಬೇಸರಪಟ್ಟವರಲ್ಲ.

ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ನೀಲಾಬಾಯಿ ತಮ್ಮನಿಗೆ ಅರ್ಜಿ ಹಾಕಿದ್ದರು. ವೀಸಾ ಬರುವಷ್ಟರಲ್ಲಿ ತಮ್ಮನ ತಲೆಯಲ್ಲಿ ಬಿಳಿಗೂದಲು ಬಂದಿತ್ತು. ಹೆಂಡತಿ ತಾಯಮ್ಮ, ಪುಟ್ಟ ಮಗಳು ಸ್ನೇಹಲ್ ಜೊತೆ ಬಂದಿಳಿದವರು ಮನೆ ಬಾಡಿಗೆ ಕಡಿಮೆ ಎಂದು ಗಿಲ್‌ರಾಯಿಗೆ ಬಂದರು. ಗಂಡ ಹೆಂಡಿರಿಬ್ಬರೂ ಬೆಳ್ಳುಳ್ಳಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತರು. ಆಮೇಲೆ ಕುಬೇರಪ್ಪ ಲೈಸೆನ್ಸ್ ಮಾಡಿಸಿ, ಮನೆ ಕಟ್ಟುವ ಸೈಟುಗಳಲ್ಲಿ ದೂಳು ಏಳದಂತೆ ನೀರು ಚಿಮುಕಿಸುವ ಟ್ಯಾಂಕರು ಹತ್ತಿದರು. ಈಗಲೂ ಸೋಮವಾರದಿಂದ ಬುಧವಾರದವರೆಗೆ ಅದೇ ಕೆಲಸ. ಗುರುವಾರ ಬಂತೆಂದರೆ ಟ್ರ್ಯಾಕು. ಕನ್ನಡ ಸಂಘದ ಊಟಗಳಲ್ಲಿ ಯಾರಾದರೂ ಏನು ಮಾಡ್ತೀರಿ ಅಂತ ಕೇಳಿದರೆ, "ಮಣ್ಣಿಗೆ ನೀರು ಬಿಡ್ತೀನ್ರಿ," ಎನ್ನುತ್ತಾರೆ. ಕೇಳಿದವರು ಇವರನ್ನು ತೋಟದ ಕೆಲಸದವರೆಂದು ತಿಳಿದು, ತಮ್ಮ ಮನೆ ಹಿಂದಿನ ಹುಲ್ಲು ಯಾಕೆ ಹಳದಿಯಾಗುತ್ತಿದೆ ಎಂದು ವಿಚಾರಿಸುತ್ತಾರೆ. ಇವರೂ ತಾಳ್ಮೆಯಿಂದ ಹೇಳಿ ಕಳಿಸುತ್ತಾರೆ.

ಟ್ರ್ಯಾಕಿಗೆ ಅವರು ಬಂದದ್ದು ಬದಲಿ ಆಳಾಗಿ. ಹಳೆಯ ನೀರಿನವನು ಕೆಲಸ ಬಿಟ್ಟಿದ್ದ. ಮೊದಲ ಶನಿವಾರ ಕುಬೇರಪ್ಪ ಬೇಲಿ ಹಿಡಿದು ರೇಸು ನೋಡಿದರು. ಕಾರುಗಳು ಗೋಡೆಗೆ ಅಪ್ಪಳಿಸುತ್ತಿದ್ದವು. ಆ ಮಣ್ಣೋ, ಕಲ್ಲಿನಂತೆ ಬಿಗಿದಿತ್ತು. ಇದೆಂಥ ಕಣ ಅನ್ನಿಸಿತು ಅವರಿಗೆ. ಬೀಳುವವರು ಇದ್ದಾರೆ, ಬಿದ್ದವರ ಚಿಂತೆ ಯಾರಿಗೂ ಇಲ್ಲ!

ಮುಂದಿನ ಶುಕ್ರವಾರ ಮೈದಾನದಲ್ಲಿ ಯಾರೂ ಇರಲಿಲ್ಲ. ಟ್ರ್ಯಾಕ್ಟರಿಗೆ ಮಣ್ಣು ಕೆರೆಯುವ ಹಲ್ಲುಗಳ ಹಲುಬೆ ಕಟ್ಟಿಕೊಂಡು, ಗೋಡೆಯುದ್ದಕ್ಕೂ ಒಂದು ಗೇಣು ಆಳ ಮಣ್ಣು ಸಡಿಲಿಸಿ, ಹೆಂಟೆ ಒಡೆದು, ನೀರು ಚಿಮುಕಿಸಿ, ಗರಡಿಮನೆಯ ಕಣದ ಹಾಗೆ ಮೆತ್ತಗೆ ಮಾಡಿಟ್ಟರು. ಮಾಡಿದ್ದು ಪುಣ್ಯದ ಕೆಲಸವೆಂದೇ ಅವರ ಭಾವನೆ. "ಮಜ್ಜಿಗಿ ಒಂದು ಹಾಕಿರಲಿಲ್ಲ ನೋಡ್ರಿ," ಎನ್ನುತ್ತಾರೆ ಈಗ, ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾ.

ಶನಿವಾರ ಆ ಮೆತ್ತನೆ ಮಣ್ಣಿಗೆ ಮೊದಲು ಬಂದವನು ವಿಕ್. ಬಲಗಡೆಯ ಎರಡೂ ಚಕ್ರ ಹೂತುಹೋದವು. ನಲವತ್ತೊಂದನೇ ನಂಬರಿನ ಕಾರು ಎರಡು ಪಲ್ಟಿ ಹೊಡೆದು ತಲೆಕೆಳಗಾಗಿ ನಿಂತಿತು. ಕಿಟಕಿಯಿಂದ ತೆವಳಿ ಹೊರಬಂದ ವಿಕ್ ಕೈಕಾಲು ಮುಟ್ಟಿ ನೋಡಿಕೊಂಡು, ಹೆಲ್ಮೆಟ್ ಕಿತ್ತು, ಈ ಮಣ್ಣು ಹದ ಮಾಡಿದವರು ಯಾರು ಎಂದು ಕೂಗಿದ.

"ಓಡಿಹೋಗೂದು ಸುಲಭ ಇತ್ರಿ. ಹೋಗಲಿಲ್ಲ. ಕೈಮುಗದು ಮುಂದ ನಿಂತೆ," ಎನ್ನುತ್ತಾರೆ ಕುಬೇರಪ್ಪ. ಯಾಕೆ ಹೀಗೆ ಮಾಡಿದೆ ಎಂದು ವಿಕ್ ಕೇಳಿದ. ಬರುವಷ್ಟು ಇಂಗ್ಲಿಷಿನಲ್ಲಿ ಇವರು ಹೇಳಿದರು: ನಮ್ಮೂರಿನಲ್ಲಿ ಮಣ್ಣಿನ ಮೇಲೆ ಮನುಷ್ಯರು ಬೀಳುತ್ತಾರೆ, ಬಿದ್ದವರಿಗೆ ಪೆಟ್ಟಾಗಬಾರದು, ಅದಕ್ಕೆ ಮೆತ್ತಗೆ ಮಾಡಿದೆ. ವಿಕ್ ಇವರ ಮುಖವನ್ನೇ ನೋಡಿದ. ಆಮೇಲೆ ತನ್ನ ತಲೆಕೆಳಗಾದ ಕಾರಿಗೆ ಒರಗಿ ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಇಷ್ಟು ವರ್ಷ ಈ ಗೋಡೆ ಪಕ್ಕ ಓಡಿಸಿದ್ದೀನಿ. ನನಗೆ ಪೆಟ್ಟಾಗದಿರಲಿ ಅಂತ ಯೋಚನೆ ಮಾಡಿದವನು ನೀನೇ ಮೊದಲು. ನನ್ನನ್ನು ಸಾಯಿಸೋಕೆ ಇಷ್ಟು ಹತ್ತಿರ ಬಂದವನೂ ನೀನೇ," ಎಂದನಂತೆ. ಭಾನುವಾರ ನಸುಕಿನಲ್ಲಿ, ಹಾಲು ಇಳಿಸಿ ಬಂದವನೇ ಕುಬೇರಪ್ಪನವರನ್ನು ಕರೆದುಕೊಂಡು ಟ್ರ್ಯಾಕಿನಲ್ಲಿ ನಡೆದ. ಹಿಮ್ಮಡಿ ಒತ್ತಿ ನೋಡುವುದನ್ನು ಕಲಿಸಿದ. ಮೇಲೆ ಬಿಗಿ, ಒಳಗೆ ಹಸಿ, ಇದು ರೇಸಿನ ಹದ ಎಂದ. "ಶನಿವಾರ ಬಿಡುವ ನೀರು ದೂಳಿಗೆ. ಗುರುವಾರ ಬಿಡುವ ನೀರು ರೇಸಿಗೆ" ಎಂಬುದು ಅವನು ಹೇಳಿಕೊಟ್ಟ ಮೊದಲ ಪಾಠ. ಅಂದಿನಿಂದ ಕುಬೇರಪ್ಪ ಅವನನ್ನು ಉಸ್ತಾದ ಎಂದೇ ಕರೆದರು. ಹಾಗೆಂದರೇನು ಎಂದು ವಿಕ್ ಕೇಳಿದ. ತಿಳಿದ ಮೇಲೆ, ರೇಸಿನ ಮುಂಚೆ ಧ್ವನಿವರ್ಧಕದಲ್ಲಿ ಹೆಸರು ಕೂಗುವವನಿಗೂ ಹಾಗೇ ಕೂಗು ಎಂದು ಹೇಳಿಬಂದ. ಜಮಖಂಡಿಯ ಗರಡಿಮನೆಯ ಮಾತು ಪಚೇಕೊ ಬೌಲಿನ ಗ್ಯಾಲರಿಯಲ್ಲಿ ಮೊಳಗಿದ್ದು ಹೀಗೆ. ಇದನ್ನು ಕೇಳಿದಾಗ ಎದೆಯುಬ್ಬದಿದ್ದರೆ ನಾವು ಎಂಥ ಕನ್ನಡಿಗರು!

ವಿಕ್ ಎಪ್ಪತ್ತಕ್ಕೆ ಹೆಲ್ಮೆಟ್ ಕೆಳಗಿಟ್ಟ. ಆಮೇಲೂ ಅವನ ದಾರಿ ಇತ್ತು. ಹೊಸಬರು ಅದರಲ್ಲಿ ಓಡುತ್ತಿದ್ದರು. ಮೂರು ವರ್ಷದ ಹಿಂದೆ ಒಂದೇ ಸಂಜೆ ಎರಡು ಕಾರು ಗೋಡೆಗೆ ಬಡಿದು, ಒಬ್ಬನ ಭುಜದ ಎಲುಬು ಮುರಿಯಿತು. ರೇಸು ಮುಗಿಯುವುದು ತಡವಾಗಿ ಸುತ್ತಲಿನ ಮನೆಯವರು ದೂರು ಕೊಟ್ಟರು. ಮೈದಾನದ ಮ್ಯಾನೇಜರ್ ಡೆಬ್ರಾ ಮೇಲ್ಭಾಗಕ್ಕೆ ಇನ್ನು ನೀರು ಬೇಡ ಎಂದಳು. ಅವಳದೇನೂ ತಪ್ಪಲ್ಲ, ಮೈದಾನ ನಡೆಯಬೇಕಲ್ಲ. ಅಂದಿನಿಂದ ಗೋಡೆಯ ಮಗ್ಗುಲು ಒಣಗಿ ಬೆಳ್ಳಗಾಯಿತು. ಎಲ್ಲ ಕಾರುಗಳೂ ಒಳದಾರಿಯಲ್ಲಿ ರೇಷನ್ ಅಂಗಡಿಯ ಸಾಲಿನಂತೆ ಒಂದರ ಹಿಂದೆ ಒಂದು. ಮುಂದೆ ಹೊರಟವನೇ ಮುಂದೆ ಮುಟ್ಟುವುದು. ವಿಕ್ ಪ್ರತಿ ಶನಿವಾರ ಬಂದು ಮೂರನೇ ತಿರುವಿನ ಬೇಲಿ ಹತ್ತಿರ ಕೂತು, ಅರ್ಧ ರೇಸಿಗೇ ಎದ್ದುಹೋಗುತ್ತಿದ್ದ.

ಕಳೆದ ಚಳಿಗಾಲ ಅವನು ಆಸ್ಪತ್ರೆ ಸೇರಿದ. ಒಂದು ಮಧ್ಯಾಹ್ನ ಕುಬೇರಪ್ಪನವರಿಗೆ ಫೋನು ಬಂತು. ಧ್ವನಿ ಗುರುತು ಸಿಗದಷ್ಟು ಇಳಿದಿತ್ತು. ಅದು ಒಣಗಿದ್ದನ್ನೇ ಮರೆತವನಂತೆ, ಮೇಲಿನ ದಾರಿ ಇದೆಯಾ ಎಂದು ಕೇಳಿದ.

"ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ರಿ. ಐತಿ ಉಸ್ತಾದ, ಹಸಿ ಐತಿ ಅಂತ ಹೇಳಿಬಿಟ್ಟೆ," ಎನ್ನುತ್ತಾರೆ ಕುಬೇರಪ್ಪ. ಟ್ಯಾಂಕರಿನ ಬಾನೆಟ್ಟಿಗೆ ಅಂಟಿದ ಒಣ ಕೆಸರನ್ನು ಉಗುರಿನಿಂದ ಕೆರೆಯುತ್ತಾರೆ. "ಅಂವ ಖುಷಿ ಆದ. ಆ ವಾರನ ಹೋದ. ಹೋಗಾಂವಗ ಸುಳ್ಳು ಹೇಳಿ ಕಳಿಸೇನಿ. ಒಂದು ದಿನಕ್ಕರ ಅದನ್ನ ಖರೇ ಮಾಡಬೇಕಲ್ಲ?"

ಏಪ್ರಿಲಿನಲ್ಲಿ ಅವರು ಡೆಬ್ರಾಳ ಆಫೀಸಿಗೆ ಹೋಗಿ ಕೇಳಿದರು. ಎರಡು ದಶಕದಲ್ಲಿ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು. ಒಂದು ಸಂಜೆ, ವಿಕ್‌ನ ಹೆಂಡತಿ ರೋಸಲಿಗಾಗಿ, ಎಂದಳು ಡೆಬ್ರಾ. ಆ ಮುದುಕಿಯ ಕಣ್ಣೆದುರು ಯಾವುದಾದರೂ ಕಾರು ಆ ಗೋಡೆಗೆ ಬಡಿದರೆ, ಮತ್ತೆ ಎಂದೂ ಈ ಮಾತು ಎತ್ತಬಾರದು ಎಂದೂ ಹೇಳಿದಳು.

ಅದಕ್ಕೇ ಈ ವಾರ ಕುಬೇರಪ್ಪ ಗುರುವಾರ ಬೆಳಗಿನಿಂದ ಮನೆ ಮರೆತಿದ್ದಾರೆ. ಗೋಡೆಯ ಮಗ್ಗುಲಿನ ಬಿರಿದ ಕರಿಮಣ್ಣಿಗೆ ಟ್ಯಾಂಕರುಗಟ್ಟಲೆ ನೀರು ಕುಡಿಸಿದ್ದಾರೆ. ಸೈಟಿನ ಕೆಲಸಕ್ಕೆ ಒಂದು ಟ್ಯಾಂಕರು ಇಡೀ ಬೆಳಗು ಸಾಕು. ಇಲ್ಲಿ ಒಂದು ತಿರುವಿಗೇ ಅದು ಮುಗಿಯುತ್ತದೆ. ನೀರು ಒಳಗಿಳಿಯಲು ಬಿಟ್ಟು, ರೋಲರು ಹೊಡೆದು, ಮತ್ತೆ ಕುಡಿಸಿ, ಮತ್ತೆ ರೋಲರು. ಹಸಿ ಒಂದು ಗೇಣು ಕೆಳಗಿಳಿದಿದೆ. ಮಂಜು ಕರಗುವ ಹೊತ್ತಿಗೆ ಹಿಮ್ಮಡಿ ಒತ್ತಿ ನೋಡಿದರೆ, ಮುಖದಲ್ಲಿ ಸಿಂಡರಿಕೆ ಇಲ್ಲ.

ಮಧ್ಯಾಹ್ನ ತಾಯಮ್ಮ, ಸ್ನೇಹಲ್ ಬುತ್ತಿ ಹೊತ್ತು ಬರುತ್ತಾರೆ. ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ. ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿರುವ ಸ್ನೇಹಲ್ ರೇಸಿಗೆ ಬಂದಿರುವುದು ಇದೇ ಮೊದಲು.

"ಮನಿ ಮುಂದಿನ ತುಳಸಿ ಒಣಗಿ ಕಡ್ಡಿ ಆದ್ರೂ ಇವರ ಕಣ್ಣಿಗೆ ಬೀಳೂದಿಲ್ಲ. ಇಲ್ಲಿ ಮಣ್ಣಿಗೆ ಜೀವಾ ಬಿಡ್ತಾರ," ಎಂದು ತಾಯಮ್ಮ ರೊಟ್ಟಿ ಮುರಿದು ಗಂಡನ ಕೈಗಿಡುತ್ತಾರೆ.

"ತುಳಸಿಗೆ ನೀ ಅದಿಯಲ್ಲ," ಎನ್ನುತ್ತಾರೆ ಕುಬೇರಪ್ಪ, ಟ್ರ್ಯಾಕಿನಿಂದ ಕಣ್ಣು ಕೀಳದೆ.

ಕಣ್ಣು ಕೀಳದಿರಲು ಕಾರಣವಿದೆ. ಸಮುದ್ರದ ಕಡೆಯಿಂದ ಸಂಜೆ ಬರಬೇಕಾದ ಗಾಳಿ ಇವತ್ತು ಊಟದ ಹೊತ್ತಿಗೇ ಬಂದಿದೆ. ನೋಡನೋಡುತ್ತಿದ್ದಂತೆ ಗೋಡೆಯ ಮಗ್ಗುಲಿನ ಕಪ್ಪು ಮಾಸಿ ಬೂದಿಯಾಗುತ್ತಿದೆ. ಈಗ ನೀರು ಬಿಟ್ಟರೆ ಮೇಲೊಂದು ಕೆಸರಿನ ಪದರ ಕೂತು, ಮೊದಲು ಬಂದ ಕಾರು ಜಾರಿ ಸೀದಾ ಗೋಡೆಗೆ. ಬಿಡದಿದ್ದರೆ ಸಂಜೆಯೊಳಗೆ ಒಳಗಿನ ಹಸಿಯನ್ನೂ ಗಾಳಿ ಹೀರಿಬಿಡುತ್ತದೆ. ಕುಬೇರಪ್ಪನವರ ಕೈಯಲ್ಲಿನ ರೊಟ್ಟಿ ಹಾಗೇ ಉಳಿಯುತ್ತದೆ.

ಕೊನೆಗೆ ಅವರು ಟ್ಯಾಂಕರು ಬಿಟ್ಟು ಟ್ರ್ಯಾಕ್ಟರು ಹತ್ತುತ್ತಾರೆ. ಹಗುರ ಹಲುಬೆಯಿಂದ ಮೇಲಿನ ಮಣ್ಣನ್ನು ಹೆಬ್ಬೆರಳಿನಷ್ಟು ದಪ್ಪ ಕೆರೆದು ಪುಡಿ ಮಾಡುತ್ತಾ ಹೋಗುತ್ತಾರೆ. ಆ ಒಣಪುಡಿ ಮುಚ್ಚಳದ ಹಾಗೆ ಕೂತರೆ ಗಾಳಿ ಒಳಗಿನ ಹಸಿಗೆ ಬಾಯಿ ಹಾಕಲಾರದು. ಜಮಖಂಡಿ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸಾಲುಗಳ ನಡುವೆ ಮಣ್ಣು ಕೆರೆದು ಎಡೆ ಹೊಡೆಯುವುದನ್ನು ಕಂಡವರಿಗೆ ಇದು ಹೊಸದಲ್ಲ. ತೊಂದರೆ ಇಷ್ಟೇ: ಈಗ ಗೋಡೆಯ ಮಗ್ಗುಲು ನೋಡುವವರ ಕಣ್ಣಿಗೆ ಸುಡುಗಾಡಿನ ಹಾಗೆ ಕಾಣುತ್ತದೆ. ಒಳಗೆ ಹಸಿಯಿದೆ ಎಂದು ಗೊತ್ತಾಗಬೇಕಾದರೆ ಯಾರಾದರೂ ಅಲ್ಲಿಗೆ ಕಾರು ಒಯ್ಯಬೇಕು. ಒಣಗಿದ ದಾರಿಗೆ ಯಾರು ಒಯ್ಯುತ್ತಾರೆ?

ಡೆಬ್ರಾ ಬಂದು ನೋಡಿ ಸೊಂಟದ ಮೇಲೆ ಕೈಯಿಡುತ್ತಾಳೆ.

"ಎಂದಿನ ಹಾಗೇ ಇದೆಯಲ್ಲ, ಕುಬೇರ್?"

"ಒಳಗೆ ಇದೆ, ಮೇಡಂ. ಒಂದು ಗೇಣು ಆಳ ಇದೆ."

"ಡ್ರೈವರ್‌ಗಳಿಗೆ ಮೇಲಿನದು ಮಾತ್ರ ಕಾಣೋದು," ಎನ್ನುತ್ತಾಳೆ ಅವಳು. ಸಿಟ್ಟಿಲ್ಲ, ಅಯ್ಯೋ ಪಾಪ ಅನ್ನುವ ದನಿ. ಕುಬೇರಪ್ಪನವರಿಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಸಂಜೆ ಗ್ಯಾಲರಿ ತುಂಬಿದೆ. ನಲವತ್ತೊಂದು ಎಂದು ಬರೆದ ಅಂಗಿಗಳು ಎಲ್ಲಿ ನೋಡಿದರಲ್ಲಿ. ಮೊದಲ ಸಾಲಿನಲ್ಲಿ ರೋಸಲಿ, ಗಂಡನ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಅಗಲಿದ ಡ್ರೈವರಿಗೆ ಗೌರವ ಕೊಡುವ ಪದ್ಧತಿಯೊಂದು ಇಲ್ಲಿದೆ. ಶುರುವಿನ ನಿಧಾನದ ಸುತ್ತಿನಲ್ಲಿ ಮುಂದಿನ ಸಾಲಿನ ಒಂದು ಜಾಗ ಖಾಲಿ ಬಿಡುತ್ತಾರೆ. ಇವತ್ತು ಖಾಲಿ ಬಿಟ್ಟಿರುವುದು ಗೋಡೆಯ ಕಡೆಯದು. ಖಾಲಿ ಜಾಗವನ್ನು ಮುಂದಿಟ್ಟುಕೊಂಡು ಇಪ್ಪತ್ತು ಕಾರು ಮೆರವಣಿಗೆಯಂತೆ ಸುತ್ತು ಬರುತ್ತವೆ. ಗ್ಯಾಲರಿಯೆಲ್ಲ ಎದ್ದು ನಿಲ್ಲುತ್ತದೆ. ಮೂರನೇ ತಿರುವಿನ ಬೇಲಿ ಹತ್ತಿರ ಕುಬೇರಪ್ಪ ಟೋಪಿ ತೆಗೆಯುತ್ತಾರೆ.

ಹಸಿರು ಬಾವುಟ ಬೀಳುತ್ತದೆ. ನಲವತ್ತೊಂದು ಸುತ್ತಿನ ರೇಸು. ಡೆಬ್ರಾ ಹೇಳಿದ್ದೇ ಆಗುತ್ತದೆ. ಎಲ್ಲರೂ ಒಳದಾರಿಗೆ ನುಗ್ಗಿ ಸಾಲು ಹಿಡಿಯುತ್ತಾರೆ. ಐದು ಸುತ್ತು, ಹತ್ತು ಸುತ್ತು. ಒಬ್ಬನೂ ಮೇಲೆ ಕಣ್ಣೆತ್ತಿ ನೋಡುವುದಿಲ್ಲ. ಜನ ಪಾಪ್‌ಕಾರ್ನ್ ತರಲು ಎದ್ದುಹೋಗಲು ಶುರು ಮಾಡುತ್ತಾರೆ. ಸ್ನೇಹಲ್ ಬಂದು ಅಪ್ಪನ ಪಕ್ಕ ನಿಲ್ಲುತ್ತಾಳೆ.

"ಅಪ್ಪಾ, ಯಾಕೆ ಯಾರೂ ಟ್ರೈ ಮಾಡ್ತಿಲ್ಲ? ಜಸ್ಟ್ ಟೆಲ್ ದೆಮ್!"

"ಯಾರಿಗೆ ಹೇಳ್ಲಿ ಪುಟ್ಟಿ? ಅವರ ಕಿವ್ಯಾಗ ಬರೇ ಎಂಜಿನ್ನು," ಎನ್ನುತ್ತಾರೆ ಕುಬೇರಪ್ಪ. ಒಳಗೆ ಹಸಿ ಉಳಿದಿದೆಯೋ, ಗಾಳಿ ಕುಡಿದು ಹಾಕಿದೆಯೋ, ಈಗ ಅವರಿಗೂ ಖಾತ್ರಿಯಿಲ್ಲ.

ಅರ್ಧ ರೇಸು ಮುಗಿದಿರಬೇಕು. ಮೂರನೇ ತಿರುವಿಗೆ ಬರುವಾಗ ಸಾಲಿನ ನಡುವಿನ ಕಾರೊಂದು ಜಾರಿ ಅಡ್ಡ ತಿರುಗುತ್ತದೆ. ಅದರ ಬೆನ್ನಿಗೇ ಇದ್ದವನು ಮಾರ್ಕೋಸ್, ವಾಟ್ಸನ್‌ವಿಲ್‌ನ ಪ್ಲಂಬರ್. ಬ್ರೇಕು ಒತ್ತಲು ಜಾಗವಿಲ್ಲ. ಗುದ್ದುವುದು ತಪ್ಪಿಸಲು ಬಲಕ್ಕೆ ತಿರುವಿ ಮೇಲಕ್ಕೆ ಹಾರುತ್ತಾನೆ, ನೇರ ಆ ಬೂದಿ ಬಣ್ಣದ ಪುಡಿಯ ಕಡೆಗೆ. ಗೋಡೆಗೆ ಬಡಿದೇಬಿಟ್ಟ ಎಂದು ಗ್ಯಾಲರಿ ಹಾ ಎನ್ನುತ್ತದೆ. ಡೆಬ್ರಾ ಎದ್ದು ನಿಲ್ಲುತ್ತಾಳೆ. ಕುಬೇರಪ್ಪ ಕಣ್ಣು ಮುಚ್ಚುತ್ತಾರೆ.

ಬಡಿದ ಸದ್ದು ಬರಲಿಲ್ಲ. ಕಣ್ಣು ತೆರೆದರೆ ಪುಡಿ ಹಾರಿ ಹೋಗಿದೆ, ಅದರ ಕೆಳಗಿನಿಂದ ಕರಿಮಣ್ಣಿನ ಹಸಿ ಹೆಂಟೆಗಳು ಚಿಮ್ಮುತ್ತಿವೆ, ಟೈರು ಕಚ್ಚಿ ಹಿಡಿದಿದೆ. ಮಾರ್ಕೋಸ್‌ನ ಕಾರು ಗೋಡೆಯುದ್ದಕ್ಕೂ ಗುಂಡು ಹೊಡೆದಂತೆ ಸಾಗಿ, ತಿರುವು ಮುಗಿಯುವುದರೊಳಗೆ ಮೂವರನ್ನು ಹಿಂದೆ ಹಾಕಿದೆ. ಅಡ್ಡ ತಿರುಗಿದವನೂ ಸಾವರಿಸಿಕೊಂಡು ಹೊರಟಿದ್ದರಿಂದ ರೇಸು ನಿಲ್ಲಲಿಲ್ಲ. ಮುಂದಿನ ಸುತ್ತಿನಲ್ಲಿ ಮಾರ್ಕೋಸ್ ಬೇಕೆಂದೇ ಮೇಲೆ ಹೋಗುತ್ತಾನೆ. ಅದರ ಮುಂದಿನ ಸುತ್ತಿನಲ್ಲಿ ಅವನ ಹಿಂದೆ ಇನ್ನಿಬ್ಬರು. ಆಮೇಲೆ ಯಾರು ಯಾರನ್ನು ಕೇಳುತ್ತಾರೆ! ಎರಡು ದಾರಿಯಲ್ಲೂ ಜೋಡಿ ಜೋಡಿ ಕಾರು, ತಿರುವು ತಿರುವಿಗೂ ಮುಂದಿದ್ದವನು ಹಿಂದೆ, ಹಿಂದಿದ್ದವನು ಮುಂದೆ. ಪಾಪ್‌ಕಾರ್ನಿಗೆ ಹೋದವರು ಕೈಯಲ್ಲಿ ಪೊಟ್ಟಣ ಹಿಡಿದು ಓಡಿ ಬರುತ್ತಾರೆ.

ರೋಸಲಿ ಎದ್ದು ನಿಂತಿದ್ದಾಳೆ. ಗೋಡೆಗೆ ಯಾರದೋ ಕಾರಿನ ಬಲಮಗ್ಗುಲು ಸವರಿ ಕಿಡಿ ಹಾರಿದಾಗ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತುತ್ತಾಳೆ. ಸ್ನೇಹಲ್ ಅಪ್ಪನ ತೋಳು ಹಿಡಿದು ಕುಣಿಯುತ್ತಿದ್ದಾಳೆ. ಕುಬೇರಪ್ಪ ಮಾತ್ರ ಏನೂ ಮಾಡುವುದಿಲ್ಲ. ಸುಮ್ಮನೆ ನಿಂತು ಅಳುತ್ತಾರೆ.

ಮಾರ್ಕೋಸ್ ಗೆದ್ದ, ಒಂದು ಬಾನೆಟ್ಟಿನಷ್ಟು ಅಂತರದಲ್ಲಿ. ಮೈಕು ಬಾಯಿಗೆ ಬಂದಾಗ ಡ್ರೈವರುಗಳು ಟೈರಿನ ಅಂಗಡಿಯಿಂದ ಹಿಡಿದು ಪಿಜ್ಜಾ ಅಂಗಡಿಯವರೆಗೆ ದುಡ್ಡು ಕೊಟ್ಟವರನ್ನೆಲ್ಲ ನೆನೆಯುವುದು ವಾಡಿಕೆ. ಮಾರ್ಕೋಸ್ ಅದನ್ನೆಲ್ಲ ಮರೆತು, "ಮೇಲಿನ ದಾರಿಯ ಮಣ್ಣು ಯಾರು ಹದ ಮಾಡಿದ್ದು? ಅವರನ್ನು ಕರೆಯಿರಿ," ಎಂದ. ಹೆಸರು ಕೂಗುವವನು ಅತ್ತಿತ್ತ ನೋಡಿದ. ಇಷ್ಟು ವರ್ಷ ಎಷ್ಟೋ ಹೆಸರು ಕೂಗಿದವನಿಗೆ ಈ ಹೆಸರು ಗೊತ್ತಿರಲಿಲ್ಲ. ರೋಸಲಿ ಹೋಗಿ ಮೈಕು ಇಸಿದುಕೊಂಡಳು.

"ಅವನ ಹೆಸರು ಕುಬೇರಪ್ಪ. ವಿಕ್ ಇವತ್ತು ಇಲ್ಲಿದ್ದಿದ್ದರೆ ಮೊದಲು ಅವನ ಹತ್ತಿರ ಹೋಗ್ತಿದ್ದ. ಕರೀಬೇಡಿ, ಅವನು ಬರೋದಿಲ್ಲ. ಅಲ್ಲಿ ನೋಡಿ."

ಎಲ್ಲರೂ ತಿರುಗಿ ನೋಡಿದರು. ದೂರದಲ್ಲಿ ಮೂರನೇ ತಿರುವಿನಲ್ಲಿ, ಗೋಡೆಯ ಮಗ್ಗುಲಿಗೆ ನೀರಿನ ಟ್ಯಾಂಕರು ನಿಧಾನಕ್ಕೆ ಸಾಗುತ್ತಿತ್ತು. ಹಿಂದೆ ನೀರಿನ ತುಂತುರು, ಮುಳುಗುವ ಸೂರ್ಯನ ಬೆಳಕಿನಲ್ಲಿ. ಗ್ಯಾಲರಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಟ್ಯಾಂಕರು ಪೂರ್ತಿ ಒಂದು ಸುತ್ತು ಬರುವವರೆಗೂ ಚಪ್ಪಾಳೆ ನಿಲ್ಲಲಿಲ್ಲ. ಟ್ಯಾಂಕರೂ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಗಿಲ್‌ರಾಯಿನ ಮನೆಯಲ್ಲಿ, ಚಹಾದ ಲೋಟ ಹಿಡಿದು ಕುಬೇರಪ್ಪ ಮಗಳ ಫೋನಿನಲ್ಲಿ ಇದನ್ನೆಲ್ಲ ಮೊದಲ ಸಲ ನೋಡುತ್ತಾರೆ. "ಚಪ್ಪಾಳಿ ಹೊಡದ್ರ? ಪಂಪಿನ ಸಪ್ಪಳದಾಗ ನನಗೇನೂ ಕೇಳಿಸಲಿಲ್ಲ ನೋಡ್ರಿ," ಎಂದು ನಾಚುತ್ತಾರೆ. ಇನ್ನೊಂದು ಸಲ ನೋಡಿ, ಟ್ಯಾಂಕರಿನ ಎಡಗಡೆಯ ಒಂದು ತೂತು ಕಟ್ಟಿಕೊಂಡಿದೆ, ನೀರು ಸರಿಯಾಗಿ ಬೀಳುತ್ತಿಲ್ಲ ಎಂದು ಕಂಡುಹಿಡಿಯುತ್ತಾರೆ. ಮುಂದಿನ ಶನಿವಾರವೂ ಮೇಲೆ ನೀರು ಬಿಡು ಎಂದು ಡೆಬ್ರಾ ಹೇಳಿ ಕಳಿಸಿದ್ದಾಳೆ. ಉಸ್ತಾದನಿಗೆ ಹೇಳಿದ ಸುಳ್ಳು ಖರೆಯಾಯಿತು, ಎದೆ ಹಗುರಾಯಿತು ಎನ್ನುತ್ತಾರೆ.

ಅಷ್ಟು ಜನ ಕಾಯುತ್ತಿದ್ದರಲ್ಲ, ಎರಡು ನಿಮಿಷ ಬಂದು ನಿಂತು ಹೋಗಬಾರದಿತ್ತೇ ಎಂದರೆ, ಕುಬೇರಪ್ಪ ಲೋಟ ಕೆಳಗಿಡುತ್ತಾರೆ.

"ಹೆಂಗ ಬರ್ಲಿ ಹೇಳ್ರಿ? ಸಂಜೀಮಟ ಆ ಮಣ್ಣು ಎಷ್ಟು ದುಡದೈತಿ. ದುಡದಾವರಿಗೆ ಮೊದಲ ನೀರು ಕೊಡಬೇಕು. ಮಾತು ಆಮ್ಯಾಲ."